85 ಪದಗಳ ಒಂದೇ ವಾಕ್ಯ

9 ಜುಲೈ 2024, ಮಂಗಳವಾರ, ರಾತ್ರಿ

ಇವತ್ತು ಆಫೀಸಿನಲ್ಲಿ ಮತ್ತೆ ಅದೇ ಆಯಿತು. ಮೇಲಿನಿಂದ ಬಂದ ಇಂಗ್ಲಿಷ್ ಸುತ್ತೋಲೆ, ಎಂಟು ಸಾಲಿಗೆ ಒಂದೇ ಫುಲ್‌ಸ್ಟಾಪ್. ಏನು ಹೇಳಿದ್ದಾರೆ ಅಂತ ಸಾಹೇಬರು ಕೇಳಿದರು. ಒಂದೊಂದು ಪದವೂ ಗೊತ್ತಿತ್ತು, ವಾಕ್ಯ ಮಾತ್ರ ಕೈಗೆ ಸಿಗಲಿಲ್ಲ. ಎಲ್ಲರೆದುರು ಸುಮ್ಮನೆ ನಿಂತೆ.

ಊಟವಾದ ಮೇಲೆ ಪುಟ್ಟಿಯ ಸಮಾಜ ಪುಸ್ತಕ ತೆಗೆದೆ. ಸಂವಿಧಾನದ ಪೀಠಿಕೆ. ಶಾಲೆಯಲ್ಲಿ ದಿನಾ ಹೇಳಿಸುತ್ತಾರೆ, ಕನ್ನಡದ್ದು ಅವಳಿಗೆ ಬಾಯಿಪಾಠ. ಇಂಗ್ಲಿಷಿನದ್ದನ್ನು ಬೆರಳಿಟ್ಟು ಎಣಿಸಿದೆ. 85 ಪದ, ಒಂದೇ ವಾಕ್ಯ.

ಅಪ್ಪ ಪಕ್ಕಕ್ಕೆ ಬಂದು ಕೂತರು. "ಯಾರು ಅಂತ ಮೊದಲು ಹುಡುಕು, ಏನು ಮಾಡಿದರು ಅಂತ ಆಮೇಲೆ. ನಡುವಿನದ್ದಕ್ಕೆ ಈಗಲೇ ಕೈ ಹಾಕಬೇಡ." 30 ವರ್ಷ ಆಸ್ತಿ ಪತ್ರ ಬರೆದ ಕೈ ಅದು. 'ಬರೆಸಿಕೊಟ್ಟ ಕ್ರಯಪತ್ರದ ಕ್ರಮವೇನೆಂದರೆ' ಅಂತ ಶುರುವಾದರೆ ಚಕ್ಕುಬಂದಿ ಮುಗಿಯುವವರೆಗೂ ಉಸಿರು ಬಿಡದ ವಾಕ್ಯಗಳು.

ಯಾರು? ವಿ, ದಿ ಪೀಪಲ್ ಆಫ್ ಇಂಡಿಯಾ. ಏನು ಮಾಡಿದರು? ನಡುವೆ 70 ಪದ ದಾಟಿದ ಮೇಲೆ ಸಿಕ್ಕಿತು: ಡು ಹಿಯರ್‌ಬೈ ಅಡಾಪ್ಟ್, ಎನಾಕ್ಟ್ ಅಂಡ್ ಗಿವ್ ಟು ಅವರ್‌ಸೆಲ್ವ್ಸ್. ಎರಡಕ್ಕೂ ಪೆನ್ಸಿಲ್ ಗೆರೆ ಎಳೆದೆ. ಮಿಕ್ಕಿದ್ದೆಲ್ಲ ಏನು ನಿಶ್ಚಯಿಸಿ, ಎಲ್ಲಿ ಕೂತು, ಯಾವತ್ತು ಅನ್ನುವುದು. ಜಸ್ಟಿಸ್, ಲಿಬರ್ಟಿ, ಈಕ್ವಾಲಿಟಿ ಮೂರೂ 'ಟು ಸೆಕ್ಯೂರ್'ಗೆ ಜೋತುಬಿದ್ದಿವೆ. ಫ್ರಾಟರ್ನಿಟಿಗೆ ಬೇರೆಯದೇ ಕೊಕ್ಕೆ, 'ಟು ಪ್ರಮೋಟ್'. ಇಷ್ಟು ವರ್ಷ ನಾಲ್ಕನ್ನೂ ಒಂದೇ ಸಾಲಿನಲ್ಲಿ ಓದಿಕೊಂಡು ಹೋಗಿದ್ದೆ. ನ್ಯಾಯವನ್ನು ದೊರಕಿಸಿಕೊಡುತ್ತಾರೆ, ಭ್ರಾತೃತ್ವವನ್ನು ಬೆಳೆಸುತ್ತಾರೆ. ಕ್ರಿಯಾಪದ ನೋಡಿದ ಮೇಲೇ ಅದು ಕಂಡಿದ್ದು. ಮೈ ಜುಮ್ಮೆಂದಿತು.

ಕ್ರಿಯಾಪದಕ್ಕೆ ಕೊನೆಯವರೆಗೆ ಕಾಯುವುದು ನಮಗೆ ಹೊಸದಲ್ಲ. ನನ್ನನ್ನು ಕಂಗೆಡಿಸುವುದು ಇಂಗ್ಲಿಷಿನ ಆ 'ಹೂ' (who), 'ವಿಚ್' (which) ಪದಗಳು. 'ನಿನ್ನೆ ಮೀನು ತಂದುಕೊಟ್ಟ ಹುಡುಗ' ಅನ್ನುವಾಗ ಹುಡುಗ ಕೊನೆಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ಅವನು ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತಾನೆ, ಮೀನು, ನಿನ್ನೆ ಎಲ್ಲ ಅವನ ಹಿಂದೆ.

ಅಪ್ಪನ ಕೆಮ್ಮು ಇನ್ನೂ ನಿಂತಿಲ್ಲ. ಈ ಮಳೆಯಲ್ಲಿ ಬೇಡವೆಂದರೂ ಬೆಳಿಗ್ಗೆ ತೋಟಕ್ಕೆ ಹೋಗಿದ್ದರಂತೆ. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು.

ಬ್ಯಾಗಿನಿಂದ ಸುತ್ತೋಲೆಯ ಜೆರಾಕ್ಸ್ ತೆಗೆದಿದ್ದೇನೆ. 'ಯಾರು' ಎರಡನೇ ಸಾಲಿನಲ್ಲಿದೆ. ಆರನೆಯದರಲ್ಲಿ ಒಂದು 'ಶಲ್' ಕಾಣುತ್ತಿದೆ, ಆದರೆ ಅದರ ಮುಂಚೆ ಇನ್ನೊಂದು 'ವಿಚ್', ಅದು ಯಾವುದಕ್ಕೆ ಸೇರಿದ್ದು ಅಂತ...