ಡಿಸೆಂಬರ್ ಬಂದರೂ ನಿಮ್ಮ ಚರ್ಚಿನಲ್ಲಿ ಹಬ್ಬದ ಕಳೆ ಏಕಿಲ್ಲ?

ಪ್ರತಿ ವರ್ಷ ಈ ದಿನಗಳಲ್ಲಿ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಹುಬ್ಬಳ್ಳಿಯ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡುತ್ತಿರುತ್ತವೆ. ಬೇಕರಿಗಳಲ್ಲಿ ಪ್ಲಮ್ ಕೇಕ್ ಬಂದಿರುತ್ತದೆ. ಶಾಲೆಗಳಲ್ಲಿ ಕೆಂಪು ಟೋಪಿ ಹಾಕಿಕೊಂಡ ಮಕ್ಕಳ ಕುಣಿತವೂ ಮುಗಿದಿರುತ್ತದೆ. ಅದೇ ಹೊತ್ತಿಗೆ ನಮ್ಮ ಕಥೋಲಿಕ ಚರ್ಚಿನೊಳಗೆ ಇಣುಕಿದವರಿಗೆ ಕಾಣುವುದು ನೇರಳೆ ಬಟ್ಟೆ, ನಾಲ್ಕೇ ಮೇಣದಬತ್ತಿ, ಅದರಲ್ಲೂ ಒಂದೋ ಎರಡೋ ಮಾತ್ರ ಉರಿಯುತ್ತಿರುತ್ತವೆ. "ನಿಮ್ಮದೇ ಹಬ್ಬ, ನಿಮ್ಮಲ್ಲೇ ಸಡಗರವಿಲ್ಲವಲ್ಲ?" ಎನ್ನುತ್ತಾರೆ ನಮ್ಮ ಓಣಿಯ ಕಾಕೂ. ಹೊಸ ವರ್ಷ ಬಂದು ನಾಲ್ಕು ದಿನವಾದ ಮೇಲೆ ಅವರೇ, "ಹಬ್ಬ ಮುಗಿದು ಎಷ್ಟು ದಿನವಾಯಿತು, ಇನ್ನೂ ನಕ್ಷತ್ರ ಇಳಿಸಿಲ್ಲವೇ?" ಎಂದೂ ಕೇಳುತ್ತಾರೆ.

ಎರಡಕ್ಕೂ ಉತ್ತರ ಒಂದೇ. ಪೇಟೆಯ ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ಮುಗಿಯುತ್ತದೆ, ನಮ್ಮದು 24ರ ರಾತ್ರಿ ಶುರುವಾಗುತ್ತದೆ. ಅದಕ್ಕೆ ಮೊದಲಿನ ನಾಲ್ಕು ವಾರ ಕಾಯುವ ಕಾಲ. ಅದಕ್ಕೆ ನಾವು ಆಗಮನ ಕಾಲ ಎನ್ನುತ್ತೇವೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂಬ ಗಾದೆಯನ್ನು ಕೇಳಿ ಬೆಳೆದವರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಬಸುರಿಯ ಮನೆಯಲ್ಲಿ ಕುಬಸದ ಸಂಭ್ರಮ ಇರುತ್ತದೆ, ಆರೈಕೆ ಇರುತ್ತದೆ. ಆದರೆ ತೊಟ್ಟಿಲು ಕಟ್ಟುವುದು ಕೂಸು ಬಂದ ಮೇಲೆಯೇ. ಆಗಮನ ಕಾಲದ ಚರ್ಚು ಅಂಥ ಮನೆ.

ಈ ಕಾಲ ಎಂದು ಶುರುವಾಗಬೇಕು ಎಂಬುದಕ್ಕೆ ಲೆಕ್ಕವಿದೆ. ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಅದಕ್ಕೆ ಅತಿ ಹತ್ತಿರದ ಭಾನುವಾರ ಆಗಮನ ಕಾಲದ ಮೊದಲ ಭಾನುವಾರ, ಧರ್ಮಸಭೆಯ ಹೊಸ ವರ್ಷವೂ ಅಂದೇ. ಹೀಗಾಗಿ ಅದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಯಾವ ದಿನವಾದರೂ ಬರಬಹುದು. 2025ರಲ್ಲಿ ಸರಿಯಾಗಿ ನವೆಂಬರ್ 30ರಂದೇ ಬಂದಿದೆ. 2022ರಲ್ಲಿ ಪೂರ್ತಿ 28 ದಿನ ಸಿಕ್ಕಿತ್ತು. ಮರುವರ್ಷ ನಾಲ್ಕನೆಯ ಭಾನುವಾರ ಡಿಸೆಂಬರ್ 24ರಂದೇ ಬಿದ್ದು, ಬೆಳಿಗ್ಗೆ ನಾಲ್ಕನೆಯ ಮೇಣದಬತ್ತಿ ಹಚ್ಚಿ ಸಂಜೆಗೆ ಕ್ರಿಸ್ಮಸ್ ಜಾಗರಣೆಗೆ ಸಿದ್ಧರಾಗಬೇಕಾಯಿತು. ಆ ವರ್ಷ ನಮ್ಮ ಗಾಯನ ವೃಂದದವರು ಮಧ್ಯಾಹ್ನದ ಊಟಕ್ಕೂ ಮನೆಗೆ ಹೋಗಲಿಲ್ಲ.

ಈ ವಾರಗಳಲ್ಲಿ ಗುರುಗಳು ನೇರಳೆ ಪೂಜಾವಸ್ತ್ರ ಧರಿಸುತ್ತಾರೆ. ಬಲಿಪೀಠದ ಸುತ್ತ ಹೂವು ಮಿತವಾಗಿರುತ್ತದೆ. ಭಾನುವಾರದ ಪೂಜೆಯಲ್ಲಿ ಸದಾ ಹಾಡುವ ಮಹಿಮೆಯ ಗೀತೆಯನ್ನು ಹಾಡುವುದಿಲ್ಲ. ಆದರೆ "ಅಲ್ಲೆಲೂಯ" ಉಳಿಯುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಅದೂ ನಿಂತುಹೋಗುತ್ತದೆ. ಈ ವ್ಯತ್ಯಾಸ ನನಗೆ ಬಹಳ ಮುಖ್ಯ. ಇದು ದುಃಖದ ಕಾಲವಲ್ಲ, ಸಂತೋಷವನ್ನು ತುಸು ತಡೆಹಿಡಿದ ಕಾಲ. ಹಿಂದೆ ಉಪವಾಸವೂ ಇತ್ತು. ಐದನೆಯ ಶತಮಾನದಲ್ಲಿ ಫ್ರಾನ್ಸಿನ ತೂರ್ ನಗರದ ಧರ್ಮಾಧ್ಯಕ್ಷರಾಗಿದ್ದ ಪೆರ್ಪೆತುವುಸ್ ಅವರು ನವೆಂಬರ್ 11ರ ಸಂತ ಮಾರ್ತಿನರ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವಿರಬೇಕೆಂದು ಕಟ್ಟಳೆ ಮಾಡಿದ್ದರು. ಇಂದು ಆ ನಿಯಮವಿಲ್ಲ. ಆದರೂ ನಮ್ಮಲ್ಲಿ ಕೆಲವು ಹಿರಿಯರು ಶುಕ್ರವಾರ ಒಪ್ಪೊತ್ತು ಮಾಡುತ್ತಾರೆ, ಯಾರಿಗೂ ಹೇಳದೆ.

ನಾಲ್ಕು ಮೇಣದಬತ್ತಿಗಳ ಹಸಿರು ಚಕ್ರದ ಬಗ್ಗೆ ಇನ್ನೂ ಹೇಳಬೇಕು. ಬಹಳ ಜನ ಇದನ್ನು ರೋಮಿನಿಂದ ಬಂದ ಪ್ರಾಚೀನ ಪದ್ಧತಿ ಎಂದುಕೊಂಡಿದ್ದಾರೆ. ಇದನ್ನು ಶುರುಮಾಡಿದವರು ಹ್ಯಾಂಬರ್ಗಿನ ಲೂಥರನ್ ಪಾದ್ರಿ ಯೋಹಾನ್ ಹಿನ್ರಿಚ್ ವಿಖರ್ನ್. ಬಡ ಮಕ್ಕಳಿಗಾಗಿ ಅವರು ನಡೆಸುತ್ತಿದ್ದ ಆಶ್ರಮದಲ್ಲಿ "ಕ್ರಿಸ್ಮಸ್ ಯಾವಾಗ?" ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಹಳೆಯ ಬಂಡಿಯ ಗಾಲಿಯೊಂದಕ್ಕೆ ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿಗಳನ್ನೂ ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿಗಳನ್ನೂ ಸಿಕ್ಕಿಸಿದರು. ದಿನಕ್ಕೊಂದು ಹಚ್ಚುತ್ತ ಹೋದರೆ ಮಕ್ಕಳಿಗೆ ತಾವೇ ಲೆಕ್ಕ ಸಿಗುತ್ತಿತ್ತು. ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಹುಬ್ಬಳ್ಳಿಯಲ್ಲಿ ಕೆಲಸ ಆರಂಭಿಸಿದ್ದೂ ಅದೇ 1839ರಲ್ಲಿ. ಕಥೋಲಿಕರು ಈ ಚಕ್ರವನ್ನು ಪ್ರೊಟೆಸ್ಟಂಟ್ ಸಹೋದರರಿಂದ ಕಲಿತದ್ದು ಬಹಳ ತಡವಾಗಿ. ಇದು ನೆನಪಾದಾಗಲೆಲ್ಲ ಊರಿನ ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಸಭೆಗಳ ಗೆಳತಿಯರ ಬಗ್ಗೆ ನನಗೆ ಪ್ರೀತಿ ಹೆಚ್ಚುತ್ತದೆ. ನಮ್ಮಲ್ಲಿ ಫರ್ ಮರವೆಲ್ಲಿದೆ? ಮಕ್ಕಳು ಸರ್ವೆ ಮರದ ಎಳೆಗಳನ್ನೂ ಅಶೋಕದ ಎಲೆಗಳನ್ನೂ ತಂದು ತಂತಿಯ ಬಳೆಗೆ ಕಟ್ಟುತ್ತಾರೆ. ಮೂರು ಬತ್ತಿ ನೇರಳೆ, ಒಂದು ಗುಲಾಬಿ ಬಣ್ಣ. ಗುಲಾಬಿಯದನ್ನು ಹಚ್ಚುವುದು ಮೂರನೆಯ ಭಾನುವಾರ, 2025ರಲ್ಲಿ ಡಿಸೆಂಬರ್ 14ಕ್ಕೆ. ಕಾಯುವಿಕೆ ಅರ್ಧ ದಾಟಿತು, ಹಿಗ್ಗಿರಿ ಎಂದು ಧರ್ಮಸಭೆ ಹೇಳುವ ದಿನವದು.

ಡಿಸೆಂಬರ್ 17ಕ್ಕೆ ಓದುಗಳ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ಕೇಳುವುದು ಪ್ರಭು ಮತ್ತೆ ಬರುವ ಅಂತ್ಯಕಾಲದ ಮಾತು, ಅಡವಿಯಲ್ಲಿ ಕೂಗುವ ಸ್ನಾನಿಕ ಯೊವಾನ್ನರ ಮಾತು. ಅಂದಿನಿಂದ ಕತೆ ನೇರವಾಗಿ ಬೆತ್ಲೆಹೇಮಿನ ದಾರಿ ಹಿಡಿಯುತ್ತದೆ. ಅಂದು ಬೆಳಗಿನ ಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಮೊದಲ ಪುಟವನ್ನು ಓದುತ್ತಾರೆ. ಅಬ್ರಹಾಮನಿಂದ ಜೋಸೆಫನವರೆಗಿನ ವಂಶಾವಳಿ, ಬರೀ ಹೆಸರುಗಳ ಸಾಲು. ಚಳಿಯ ಬೆಳಗಿನಲ್ಲಿ ಅದನ್ನು ಕೇಳಲು ಬರುವವರು ಕೆಲವೇ ಜನ. ಹೆಳವರು ಮನೆಯಂಗಳಕ್ಕೆ ಬಂದು ಮನೆತನದ ಹೆಸರುಗಳನ್ನು ಹೇಳುವುದನ್ನು ಚಿಕ್ಕಂದಿನಲ್ಲಿ ಕಂಡವಳು ನಾನು, ನನಗೆ ಈ ಸಾಲು ಎಂದೂ ಬೇಸರ ತರಿಸಿಲ್ಲ. ಆ ಗಂಡಸರ ಸಾಲಿನ ನಡುವೆ ಮರಿಯಳಿಗಿಂತ ಮೊದಲು ನಾಲ್ವರು ಹೆಂಗಸರು ಬರುತ್ತಾರೆ: ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ. ಒಬ್ಬೊಬ್ಬರದೂ ಲೋಕ ಬಾಯಿಗೆ ಬಂದಂತೆ ಆಡಿಕೊಳ್ಳಬಹುದಾದ ಬದುಕು. ದೇವರ ಮಗನ ಮನೆತನದ ಪಟ್ಟಿಯಿಂದ ಅವರನ್ನು ಯಾರೂ ಅಳಿಸಿಲ್ಲ. ಇಡೀ ಆಗಮನ ಕಾಲದಲ್ಲಿ ನನಗೆ ಅತಿ ಪ್ರಿಯವಾದ ಓದು ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಹೊರಗೆ ಸಡಗರ ಕಾಣದಿದ್ದರೂ ಒಳಗೆ ಕೆಲಸ ತುಂಬ ಇರುತ್ತದೆ. ಪಾಪನಿವೇದನೆಗೆಂದು ಒಂದು ಸಂಜೆ ಗೊತ್ತುಮಾಡುತ್ತಾರೆ. ಅಕ್ಕಪಕ್ಕದ ಧರ್ಮಕೇಂದ್ರಗಳ ಗುರುಗಳೂ ಬಂದು ಚರ್ಚಿನ ಒಂದೊಂದು ಮೂಲೆಯಲ್ಲಿ ಕುಳಿತುಕೊಳ್ಳುತ್ತಾರೆ. ರೈಲ್ವೆಯ ಊರು ನಮ್ಮದು, ಎಲ್ಲೆಲ್ಲಿಂದಲೋ ಬಂದು ನೆಲೆಸಿದವರು ನಾವು. ಕನ್ನಡದಲ್ಲಿ ಒಂದು ಸಾಲು, ಕೊಂಕಣಿಯಲ್ಲಿ ಒಂದು, ತಮಿಳು ಬಲ್ಲ ಗುರುಗಳು ಸಿಕ್ಕರೆ ಅಲ್ಲಿ ಎಲ್ಲಕ್ಕಿಂತ ಉದ್ದದ ಸಾಲು. ಹಾಸಿಗೆ ಹಿಡಿದವರ ಮನೆಗೆ ಗುರುಗಳೇ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಒಯ್ಯುತ್ತಾರೆ. ಹೋದ ವರ್ಷ ಅವರ ಜೊತೆ ನಾನೂ ಹೋಗಿದ್ದೆ. ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದ ಅಜ್ಜ ಒಬ್ಬರು ಮಂಚದ ಪಕ್ಕದ ಸ್ಟೂಲಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿಯ ಕೊರಳ ಗುಂಡಿಯವರೆಗೂ ಹಾಕಿಕೊಂಡು ಬೆಳಿಗ್ಗೆಯಿಂದ ಕುಳಿತಿದ್ದರು. ನಾವು ಹೋದದ್ದು ಸಂಜೆ ಐದಕ್ಕೆ. ಮೊದಲ ಬತ್ತಿ ಕರಗಿ ಮುಗಿದು ಎರಡನೆಯದು ಉರಿಯುತ್ತಿತ್ತು. ಆಗಮನ ಕಾಲ ಎಂದರೇನು ಎಂದು ಜ್ಞಾನೋಪದೇಶದ ತರಗತಿಯಲ್ಲಿ ಮಕ್ಕಳು ಕೇಳಿದರೆ ಈಗ ನಾನು ಆ ಅಜ್ಜನ ವಿಷಯವನ್ನೇ ಹೇಳುತ್ತೇನೆ.

"ಹಾಗಿದ್ದರೆ ಡಿಸೆಂಬರ್ ಮಧ್ಯದಲ್ಲೇ ಮನೆ ಮನೆಗೆ ಬಂದು ಕ್ಯಾರಲ್ ಹಾಡುತ್ತೀರಲ್ಲ?" ಎಂದು ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಪೂಜೆಯಲ್ಲಿ ಕ್ರಿಸ್ಮಸ್ ಗೀತೆಗಳನ್ನು 24ರವರೆಗೆ ಹಾಡುವುದಿಲ್ಲ, ಅದರಲ್ಲಿ ನಾನು ಕಟ್ಟುನಿಟ್ಟು. ಮನೆಭೇಟಿಯ ಮಾತು ಬೇರೆ. ಇಷ್ಟು ಹರಡಿದ ಊರಿನ ಎಲ್ಲ ಮನೆಗಳನ್ನೂ ಮುಟ್ಟಲು ಅಷ್ಟು ಸಂಜೆಗಳು ಬೇಕೇ ಬೇಕು. ಹಬ್ಬದ ಮರುದಿನವೇ ಅರ್ಧ ಮಂದಿ ಗೋವಾಕ್ಕೋ ಮಂಗಳೂರಿಗೋ ಹೊರಟುಹೋಗುತ್ತಾರೆ. ಗಂಡನನ್ನು ಕಳೆದುಕೊಂಡು ಒಂಟಿಯಾಗಿರುವವರ ಬಾಗಿಲಿಗೆ ಹಬ್ಬಕ್ಕೆ ಮುಂಚೆ ಹೋಗಿ ಹಾಡುವುದು ಕಾಯುವಿಕೆಗೆ ಭಂಗ ಎಂದು ನನಗೆ ಅನಿಸಿಲ್ಲ. ಡಿಸೆಂಬರ್ ಮೊದಲ ವಾರದಲ್ಲೇ ಕ್ರಿಸ್ಮಸ್ ಕೂಟ ಮುಗಿಸಿ ಕೈತೊಳೆದುಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮನೆಗಳಲ್ಲಿ ತಿಂಡಿಯ ಕೆಲಸ ಕೊನೆಯ ವಾರ. ಕೊಂಕಣಿ ಮನೆಗಳಲ್ಲಿ ನೆವ್ರಿ, ಕಿಡಿಯೊ, ರೋಸ್ ಕುಕ್ಕಿಸ್. ನಮ್ಮ ಕನ್ನಡ ಮನೆಗಳಲ್ಲಿ ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ. ದೀಪಾವಳಿಗೆ ನಮಗೆ ಫರಾಳದ ತಟ್ಟೆ ಕೊಟ್ಟ ಮನೆಗಳಿಗೆಲ್ಲ ಮರಳಿ ತಟ್ಟೆ ಹೋಗಬೇಕು, ಅದೂ ಖಾಲಿ ಹೋಗಬಾರದು.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಯುವಕರನ್ನು ಮರೆತರೆ ತಪ್ಪಾದೀತು. ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಜನರ ಕಣ್ಣ ಮುಂದೆ ನಿಲ್ಲಿಸಿದರು. ನಮ್ಮಲ್ಲಿ ಕುಂದಗೋಳದ ಕಡೆಯಿಂದ ಜೋಳದ ಕಣಿಕೆ ಬರುತ್ತದೆ, ಕೊಟ್ಟಿಗೆಯ ಮಾಡಿಗೆ ಅದನ್ನೇ ಹೊದಿಸುತ್ತಾರೆ. ಹತ್ತು ಹನ್ನೆರಡು ದಿನ ಮೊದಲೇ ತಟ್ಟೆಗಳಲ್ಲಿ ಎರೆಮಣ್ಣು ಹರಡಿ ಗೋಧಿ ಬಿತ್ತಿರುತ್ತಾರೆ, ನವರಾತ್ರಿಯಲ್ಲಿ ಘಟದ ಮುಂದೆ ಸಸಿ ಬೆಳೆಸುವ ಮನೆಗಳಲ್ಲಿ ಮಾಡುವ ಹಾಗೆಯೇ. ಹಬ್ಬದ ಹೊತ್ತಿಗೆ ಅದು ಗೇಣುದ್ದ ಎದ್ದು ಕುರಿಗಳಿಗೆ ಹುಲ್ಲುಗಾವಲಾಗುತ್ತದೆ. ಮರಿಯಮ್ಮ, ಜೋಸೆಫ್, ಕುರುಬರು, ಎತ್ತು, ಕತ್ತೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರೂ ನಡುವಿನ ಮೇವಿನ ತೊಟ್ಟಿ ಮಾತ್ರ ಖಾಲಿ. ಬಾಲಯೇಸುವಿನ ಪ್ರತಿಮೆ ಸಿಸ್ಟರ್ ಒಬ್ಬರ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಇರುತ್ತದೆ. ಯಾರು ಎಷ್ಟು ಕೇಳಿದರೂ ಅವರು ಮೊದಲೇ ಹೊರಗೆ ತೆಗೆಯುವುದಿಲ್ಲ.

24ರ ರಾತ್ರಿ ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ. ಗುರುಗಳ ಮೈಮೇಲಿನ ನೇರಳೆ ಹೋಗಿ ಬಿಳಿ ಬರುತ್ತದೆ. ಮಹಿಮೆಯ ಗೀತೆ ಎತ್ತಿದ ಕೂಡಲೇ ಪೂಜಾ ಸಹಾಯಕ ಹುಡುಗರು ಕೈಗಂಟೆಗಳನ್ನು ಬಿಡದೆ ಬಾರಿಸುತ್ತಾರೆ, ದೀಪಗಳೆಲ್ಲ ಹತ್ತಿಕೊಳ್ಳುತ್ತವೆ. ನಾಲ್ಕು ಭಾನುವಾರ ಆ ಗೀತೆಯನ್ನು ಹಾಡದೆ ಇದ್ದವರ ಕೊರಳಲ್ಲಿ ಅಂದು ಅದು ಬೇರೆಯೇ ಆಗಿ ಹೊರಡುತ್ತದೆ. ಗಾಯನ ವೃಂದದಲ್ಲಿ ನಿಂತು ಹಾಡುವ ನನಗೆ ಅದು ಗೊತ್ತು. ವಿಶ್ವಾಸ ಪ್ರಮಾಣವನ್ನು ಹೇಳುವಾಗ, ದೇವರು ಮನುಷ್ಯರಾದರು ಎಂಬ ಮಾತಿನ ಬಳಿ ಉಳಿದ ಭಾನುವಾರಗಳಲ್ಲಿ ತಲೆ ಬಾಗಿಸುತ್ತೇವೆ. ಕ್ರಿಸ್ಮಸ್ ಪೂಜೆಯಲ್ಲಿ ಎಲ್ಲರೂ ಮೊಣಕಾಲೂರುತ್ತೇವೆ.

ಹಬ್ಬ ಅಲ್ಲಿಂದ ಮುಂದಕ್ಕೆ. ಎಂಟು ದಿನ ಒಂದೇ ಹಬ್ಬದಂತೆ ನಡೆಯುತ್ತದೆ. 26ಕ್ಕೆ ಮೊದಲ ರಕ್ತಸಾಕ್ಷಿ ಸಂತ ಸ್ತೇಫನರು, 28ಕ್ಕೆ ಹೆರೋದನು ಕೊಲ್ಲಿಸಿದ ಹಸುಗೂಸುಗಳ ಸ್ಮರಣೆ, ಜನವರಿ 1 ದೇವಮಾತೆ ಮರಿಯಮ್ಮನವರ ಮಹೋತ್ಸವ. 2026ರಲ್ಲಿ ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಹಬ್ಬ ಜನವರಿ 4ಕ್ಕೆ, ಪ್ರಭುವಿನ ದೀಕ್ಷಾಸ್ನಾನದ ಹಬ್ಬ 11ಕ್ಕೆ. ಅಲ್ಲಿಗೆ ಕ್ರಿಸ್ಮಸ್ ಕಾಲ ಮುಗಿಯುತ್ತದೆ, ಆಮೇಲೆ ನಕ್ಷತ್ರ ಇಳಿಸುತ್ತೇವೆ. ನನ್ನ ಕೊರಗು ಒಂದೇ. 25ರಂದು ಕಾಲಿಡಲು ಜಾಗವಿರದ ಚರ್ಚಿಗೆ 26ರಿಂದ ಬರುವವರು ವಿರಳ. ನಮ್ಮವರೇ ಹಬ್ಬ ಮುಗಿಯಿತು ಎಂದುಕೊಳ್ಳುತ್ತಾರೆ. ಕಾಯುವುದನ್ನು ಕಲಿತವರು ಹಬ್ಬವನ್ನು ಪೂರ್ತಿಯಾಗಿ ಉಣ್ಣುವುದನ್ನೂ ಕಲಿಯಬೇಕು ಎಂದು ನಾನು ಪ್ರತಿ ವರ್ಷ ಜಗಳವಾಡುತ್ತೇನೆ.

ಆದ್ದರಿಂದ ಗೋದಲಿ ನೋಡಬೇಕೆನ್ನುವ ನೆರೆಹೊರೆಯವರಿಗೆ ನನ್ನ ಸಲಹೆ ಇಷ್ಟು: 24ರ ರಾತ್ರಿ ಪೂಜೆಗೆ ಬರುವುದಾದರೆ ಅರ್ಧ ಗಂಟೆ ಮೊದಲು ಬನ್ನಿ, ಇಲ್ಲದಿದ್ದರೆ ಹೊರಗಿನ ಪೆಂಡಾಲಿನಲ್ಲಿ ಚಳಿಗೆ ಕೂರಬೇಕಾಗುತ್ತದೆ. ಪೂಜೆಗೆ ಯಾರು ಬೇಕಾದರೂ ಬರಬಹುದು. ಪರಮಪ್ರಸಾದ ಸ್ವೀಕರಿಸುವುದು ಮಾತ್ರ ಕಥೋಲಿಕರಿಗೆ, ಆ ಹೊತ್ತಿನಲ್ಲಿ ನೀವು ಕುಳಿತೇ ಇರಬಹುದು. ಮಕ್ಕಳಿಗೆ ನಿಧಾನವಾಗಿ ತೋರಿಸಬೇಕಿದ್ದರೆ 26ರ ನಂತರದ ಯಾವುದಾದರೂ ಸಂಜೆ ಕರೆದುಕೊಂಡು ಬನ್ನಿ. ನೂಕುನುಗ್ಗಲು ಇರುವುದಿಲ್ಲ, ಗೋಧಿಯ ಹುಲ್ಲು ಇನ್ನೂ ಹಸಿರಾಗಿರುತ್ತದೆ, ಯಾವ ಪ್ರತಿಮೆ ಯಾರದು ಎಂದು ಹೇಳಲು ನಾನೂ ಅಲ್ಲೇ ಇರುತ್ತೇನೆ.