ಚಳಿಯಿಂದಲ್ಲ, ಹಂದಿಯಿಂದ

"ನಗುವಂಥದ್ದು ನಾನೆಂತ ಹೇಳಿದೆ ಕೂಸೇ?"

ಆಯಿ, ಅಂದರೆ ನನ್ನ ಅಮ್ಮ, ಇದನ್ನು ಕೇಳಿದ್ದು ಒಂದೇ ಸಲ. ಅದೂ ಬಸ್ಸಿನ ಕಿಟಕಿಯಾಚೆ ನೋಡುತ್ತ. ನಾವು ಬ್ರಿಸ್ಟಲ್‌ಗೆ ವಾಪಸ್ ಬಂದು ನಾಲ್ಕು ದಿನವಾಯಿತು, ಆ ಮಾತು ಮಾತ್ರ ನನ್ನ ಬೆನ್ನು ಬಿಟ್ಟಿಲ್ಲ.

ಊರಿಂದ ಆಯಿ ಬಂದ ಮೇಲೆ ಲಂಡನ್ ಆಯಿತು, ಅರಮನೆ ಆಯಿತು, ದೊಡ್ಡ ಗಡಿಯಾರವೂ ಆಯಿತು. ಎಲ್ಲದಕ್ಕೂ "ಚೆನ್ನಾಗಿದೆ" ಎಂದಳು, ಮದುವೆಮನೆಯಲ್ಲಿ ಪಾಯಸ ಸೀದಿದ್ದರೂ ಚೆನ್ನಾಗಿದೆ ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಒಂದು ದಿನ, "ಈ ಊರಲ್ಲಿ ಯಾರೂ ಏನೂ ಬೆಳೆಯುವುದೇ ಇಲ್ಲವಾ?" ಎಂದು ಕೇಳಿದಳು. ಕಾರ್ನ್‌ವಾಲ್‌ನ ಹಳೇ ತೋಟಗಳನ್ನು ಸುತ್ತಿಸುವ ಐದು ದಿನದ ಬಸ್ ಪ್ರವಾಸಕ್ಕೆ ಅವತ್ತೇ ದುಡ್ಡು ಕಟ್ಟಿದೆ.

ಬಸ್ಸಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಎಲ್ಲರೂ ಇಂಗ್ಲಿಷರು, ಹೆಚ್ಚಿನವರು ಎಪ್ಪತ್ತು ದಾಟಿದವರು. ಒಬ್ಬೊಬ್ಬರ ಹತ್ತಿರವೂ ಫ್ಲಾಸ್ಕು, ಮಡಚುವ ಕೊಡೆ. ಗೈಡ್ ಒಳ್ಳೆಯ ಮನುಷ್ಯ, ಗಿಡದ ಲ್ಯಾಟಿನ್ ಹೆಸರು ಹೇಳುವಾಗ ಮಾತ್ರ ಮಂತ್ರ ಹೇಳುವ ಭಟ್ಟರ ಹಾಗೆ ಕಣ್ಣು ಮುಚ್ಚುತ್ತಿದ್ದ. ಮುಂದಿನ ಸೀಟಿನ ಅಜ್ಜಿಯೊಬ್ಬಳಿಗೆ ಯಾವ ಹೂ ಕಂಡರೂ ತನ್ನ ಮನೆಯ ಹೂವೇ ಇದಕ್ಕಿಂತ ದೊಡ್ಡದು. ಅಂಥವರು ನಮ್ಮ ಊರಲ್ಲೂ ಇದ್ದಾರೆ ಬಿಡಿ.

ಕಾರ್ನ್‌ವಾಲ್ ಇಂಗ್ಲೆಂಡಿನ ನೈರುತ್ಯದ ಮೂಲೆ. ಮೂರು ಕಡೆ ಸಮುದ್ರ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಹತ್ತಿರ ಬರುವುದರಿಂದ ಅಲ್ಲಿ ಹಿಮ ಅಪರೂಪ. ಹಾಗಾಗಿ ಬೇರೆ ಕಡೆ ಸತ್ತುಹೋಗುವ ಗಿಡಗಳೂ ಅಲ್ಲಿ ಬದುಕುತ್ತವೆ. ಟ್ರೆಬಾ ಅನ್ನುವ ತೋಟ ಇಳಿಯುತ್ತ ಇಳಿಯುತ್ತ ಸೀದಾ ಸಮುದ್ರದ ದಂಡೆಗೇ ಹೋಗಿ ನಿಲ್ಲುತ್ತದೆ. ಅಲ್ಲಿ ಗನ್ನೆರಾ ಎಂಬ ಗಿಡದ ಎಲೆ ಕೊಡೆಗಿಂತ ದೊಡ್ಡದು. ಆಯಿ ಅದರ ಕೆಳಗೆ ನಿಂತು, "ಕೆಸುವಿನ ಅಜ್ಜ ಇದು. ಒಂದೆಲೆಯಲ್ಲಿ ಊರಿಗೆಲ್ಲ ಪತ್ರೊಡೆ ಮಾಡಬಹುದು" ಎಂದಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದ್ದೇ ಅವತ್ತು.

ಮೂರನೇ ದಿನ ಹೆಲಿಗನ್. ಟ್ರೆಮೇನ್ ಮನೆತನದವರ ಎಸ್ಟೇಟು. 1914ರಲ್ಲಿ ಯುದ್ಧ ಶುರುವಾಗಿ ತೋಟದ ಆಳುಗಳು ಒಬ್ಬೊಬ್ಬರೇ ಸೈನ್ಯಕ್ಕೆ ಹೋದರು. ಎಷ್ಟೋ ಜನ ವಾಪಸ್ ಬರಲಿಲ್ಲ. ಕ್ರಮೇಣ ಮುಳ್ಳು, ಬಳ್ಳಿ ಬೆಳೆದು ತೋಟವೇ ಮುಚ್ಚಿಹೋಯಿತು. 1990ರಲ್ಲಿ ಬಿರುಗಾಳಿ ಬಂದು ಹೋದ ಮೇಲೆ ಕೆಲವರು ಮುಳ್ಳು ಕಡಿಯುತ್ತ ಒಳಗೆ ಹೊಕ್ಕು ಅದನ್ನು ಮತ್ತೆ ಹುಡುಕಿದರು.

ಅಲ್ಲಿಯ ಭಾರೀ ರೋಡೋಡೆಂಡ್ರಾನ್ ಹೂಮರಗಳ ಕೆಳಗೆ ಗೈಡ್ ಹಿಮಾಲಯದ ಕತೆ ತೆಗೆದ. 1848-49ರಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಸಿಕ್ಕಿಂ ಕಡೆ ಸುತ್ತಿ ಇವುಗಳ ಬೀಜ ಕಳಿಸಿದ್ದು, ಇಂಗ್ಲೆಂಡಿನವರೆಲ್ಲ ಅದಕ್ಕೆ ಹುಚ್ಚಾಗಿದ್ದು. ನಾನು ಆಯಿಗೆ ಕನ್ನಡದಲ್ಲಿ ಹೇಳಿದೆ. "ಬೀಜ ಹೊತ್ತವರು ಯಾರು?" ಎಂದಳು. ಹೂಕರ್ ಜೊತೆ ಐವತ್ತಕ್ಕೂ ಜಾಸ್ತಿ ಜನ ಹೊರಟಿದ್ದರು ಎಂದು ಓದಿದ್ದು ನೆನಪಿತ್ತು. ಅವರ ಹೆಸರು ಕೇಳಿದರೆ ನನಗೂ ಗೊತ್ತಿಲ್ಲ.

ಆಮೇಲೆ ಬಂತು ಅನಾನಸ್.

ಬನವಾಸಿ ಹತ್ತಿರದವರಿಗೆ ಅನಾನಸ್ ತೋರಿಸಲು ಯಾರಾದರೂ ಟಿಕೆಟ್ ತೆಗೆಸುತ್ತಾರಾ? ಇಲ್ಲಿ ತೆಗೆಸಿದರು. ನೆಲದಲ್ಲಿ ಇಟ್ಟಿಗೆಯ ಗುಂಡಿ, ಮೇಲೆ ಓರೆಯಾಗಿ ಗಾಜಿನ ಮುಚ್ಚಳ. ಗುಂಡಿಯ ಎರಡೂ ಬದಿಗೆ ಕಾಲುವೆಯಂಥ ತೋಡು. ಅದಕ್ಕೆ ಹಸಿ ಕುದುರೆ ಲದ್ದಿ ತುಂಬುತ್ತಾರಂತೆ. ಲದ್ದಿ ಕೊಳೆಯುವಾಗ ಹುಟ್ಟುವ ಕಾವು ಗೋಡೆಯ ಕಿಂಡಿಗಳಿಂದ ಒಳಗೆ ಹೋಗಿ ಗಿಡವನ್ನು ಬೆಚ್ಚಗಿಡುತ್ತದೆ. ಕಾವು ಇಳಿದರೆ ಮತ್ತೆ ಹೊಸ ಲದ್ದಿ. ಕೂಲಿ, ರಿಪೇರಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಒಂದು ಹಣ್ಣಿಗೆ ಸಾವಿರ ಪೌಂಡ್ ದಾಟುತ್ತದೆ ಎಂದ ಗೈಡ್. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಮೇಲೆ. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ನಮ್ಮ ಗದ್ದೆಯಲ್ಲೇ ಎಷ್ಟು ಲಕ್ಷದ ಹಣ್ಣು ಕೊಳೆತಿತ್ತು ಎಂದು ಮನಸ್ಸು ತಾನಾಗಿ ಗುಣಾಕಾರ ಮಾಡಿತು.

ಅಲ್ಲಿ ಕೆಲಸ ಮಾಡುತ್ತಿದ್ದ ಬಿಳಿಗಡ್ಡದ ತೋಟಗಾರನಿಗೆ ಆಯಿ ಇದನ್ನೇ ಬೆಳೆಯುವವಳು ಎಂದು ಗೊತ್ತಾಯಿತು. ಕೈಗವಸು ತೆಗೆದು ಹತ್ತಿರ ಬಂದ. ನಿಜವಾದ ಕುತೂಹಲದಿಂದ ಕೇಳಿದ: "ಚಳಿಗಾಲದಲ್ಲಿ ನೀವು ಇದನ್ನು ಹೇಗೆ ಕಾಪಾಡುತ್ತೀರಿ?"

ಆಯಿ ಒಂದು ಕ್ಷಣ ಯೋಚಿಸಿದಳು. "ಚಳಿಯಿಂದ ಕಾಯುವುದಲ್ಲ. ಹಂದಿಯಿಂದ ಕಾಯಬೇಕು."

ನಾನು ಅದನ್ನು ಇಂಗ್ಲಿಷಿಗೆ ಮಾಡಿದೆ, ನಗುತ್ತ ಮಾಡಿದೆ. ಎಲ್ಲರೂ ಹೋ ಎಂದು ನಕ್ಕರು. ಗೈಡ್ ಅಂತೂ ಅದನ್ನು ಮಧ್ಯಾಹ್ನ ಬಸ್ ಡ್ರೈವರ್‌ಗೂ ಹೇಳಿ ನಗಿಸಿದ. ಬಿಳಿಗಡ್ಡದವನು ಮಾತ್ರ ನಗಲಿಲ್ಲ, ಏನೋ ಮುಂದೆ ಕೇಳಲು ಬಾಯಿ ತೆಗೆದ. ಅಷ್ಟರಲ್ಲಿ ಗುಂಪು ಹೊರಟಿತು.

ಗುಂಪು ಹೋಗಿದ್ದು ಅದೇ ಅಂಗಳದಲ್ಲಿದ್ದ ಕಕ್ಕಸಿಗೆ. ತಮಾಷೆಯಲ್ಲ. ತೋಟದ ಆಳುಗಳು ಬಳಸುತ್ತಿದ್ದ ಇಕ್ಕಟ್ಟಿನ ಜಾಗ, ಥಂಡರ್‌ಬಾಕ್ಸ್ ರೂಮ್ ಎಂದು ಹೆಸರು. ಅದರ ಸುಣ್ಣದ ಗೋಡೆ ಮೇಲೆ ಪೆನ್ಸಿಲ್ಲಿನಲ್ಲಿ ಅವರ ಹೆಸರುಗಳಿವೆ. 1914ರ ಆಗಸ್ಟ್ ಎಂದು ತಾರೀಕೂ ಇದೆ. ಇಲ್ಲಿಗೆ ನಿದ್ದೆ ಮಾಡಲು, ತೂಕಡಿಸಲು ಬರಬೇಡಿ ಎಂದು ಯಾರೋ ಗೀಚಿದ್ದಾರೆ. 2013ರಲ್ಲಿ ಅದಕ್ಕೆ ಯುದ್ಧ ಸ್ಮಾರಕ ಎಂಬ ಮಾನ್ಯತೆಯೂ ಸಿಕ್ಕಿತು. ನಗುತ್ತಿದ್ದ ಜನ ಅಲ್ಲಿ ಗಪ್‌ಚಿಪ್. ಮುಂದಿನ ಸೀಟಿನ ಅಜ್ಜಿ ಕಣ್ಣೊರೆಸಿಕೊಂಡಳು.

ಆಯಿಗೆ ಅಕ್ಷರಗಳನ್ನು ತೋರಿಸಿ ವಿವರಿಸಿದೆ. ಅವಳು ಗೋಡೆಯನ್ನೇ ನೋಡುತ್ತ, "ನಮ್ಮ ತೋಟಕ್ಕೆ ಇಪ್ಪತ್ತು ವರ್ಷ ಬಂದ ಕೊನೆಗೌಡನ ಹೆಸರೆಂತದೇ?" ಎಂದಳು. ನಾನು ಹುಡುಕಿದೆ. ಅಡಿಕೆ ಕೊನೆ ಕೊಯ್ಯುವವನು, ಕೊನೆಗೌಡ ಎಂದೇ ಕರೆದಿದ್ದು. ಅವನು ಮರದಿಂದ ಮರಕ್ಕೆ ತೂಗಿ ಹೋಗುವುದು ಕಣ್ಣಿಗೆ ಕಟ್ಟಿದ ಹಾಗಿದೆ. ಹೆಸರು ಬರಲಿಲ್ಲ. ಆಯಿಗೂ ಬರಲಿಲ್ಲ.

ಆಮೇಲೆ ಬಸ್ಸಿನಲ್ಲಿ ಆ ಪ್ರಶ್ನೆ. ನಗುವಂಥದ್ದು ನಾನೆಂತ ಹೇಳಿದೆ.

ಏನೂ ಇಲ್ಲ ಆಯಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕಾಲು ಮುರಿದುಕೊಂಡು ಮಲಗಿದ್ದರು. ಆ ವರ್ಷ ನೀನು ಒಬ್ಬಳೇ ಗದ್ದೆ ಕಾಯುವ ಮಾಳಕ್ಕೆ ಹೋಗುತ್ತಿದ್ದೆ. ರಾತ್ರಿಯಿಡೀ ಎಣ್ಣೆ ಡಬ್ಬ ಬಡಿಯುವ ಸದ್ದು ಮನೆಗೆ ಕೇಳುತ್ತಿತ್ತು. ಸದ್ದು ಕೇಳುವಷ್ಟು ಹೊತ್ತು ನನಗೆ ನಿದ್ದೆ. ಅದು ನಿಂತ ಕೂಡಲೇ ಎಚ್ಚರ. ಹಂದಿ ಬಂತಾ, ಆಯಿಗೆ ನಿದ್ದೆ ಹತ್ತಿತಾ, ಇಲ್ಲಾ ಬೇರೇನಾದರೂ ಆಯಿತಾ ಎಂದು ಹಾಸಿಗೆಯಲ್ಲಿ ಕೂತು ಕಾಯುತ್ತಿದ್ದೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಎರಡು ನಿಮಿಷ ಸಾಕಿತ್ತು. ಆ ಗಡ್ಡದವನು ಕೇಳಲು ತಯಾರಿದ್ದ. ನಾನು ಜೋಕ್ ಮಾಡಿ ಮುಗಿಸಿದೆ, ಯಾಕೆಂದರೆ ಜೋಕ್ ಆದರೆ ಎಲ್ಲರಿಗೂ ಸುಲಭ. ಹದಿನಾರು ವರ್ಷದಿಂದ ಈ ದೇಶದಲ್ಲಿ ನಮ್ಮ ಊರಿನ ವಿಷಯ ಬಂದಾಗಲೆಲ್ಲ ನಾನು ಹೀಗೇ ಮಾಡಿದ್ದೇನೆ. ಕರೆಂಟ್ ಹೋಗುವುದು, ಜಿಗಣೆ, ಮಳೆಗಾಲದ ಕಾಲುಸಂಕ, ಎಲ್ಲವನ್ನೂ ಹದಮಾಡಿ ನಗೆಯಾಗಿ ಬಡಿಸಿದ್ದೇನೆ.

ಇದನ್ನೆಲ್ಲ ಆಯಿಗೆ ಹೇಳಿದೆನಾ? ಇಲ್ಲ. "ಸುಮ್ನೆ ನಕ್ಕರು ಆಯಿ" ಎಂದೆ. ಅವಳು ಕಿಟಕಿ ಕಡೆ ತಿರುಗಿದಳು.

ನಿನ್ನೆ ಸೂಪರ್ ಮಾರ್ಕೆಟ್ಟಿನಿಂದ ಒಂದು ಅನಾನಸ್ ತಂದೆ. ಕೋಸ್ಟರಿಕಾದ್ದು, ಎರಡು ಪೌಂಡಿಗೂ ಕಡಿಮೆ. ಆಯಿ ಒಂದು ಹೋಳು ಬಾಯಿಗೆ ಹಾಕಿ, "ನೀರು ನೀರು. ಮೆಣಸ್ಕಾಯಿ ಗೊಜ್ಜಿಗೆ ಆದೀತು" ಎಂದಳು. ಸಿಪ್ಪೆ ಎಸೆದಳು. ಜುಟ್ಟನ್ನು ಮಾತ್ರ ತಿರುವಿ ಕಿತ್ತು, ಬುಡದ ಎಲೆ ಬಿಡಿಸಿ, ಖಾಲಿಯಿದ್ದ ಕುಂಡದಲ್ಲಿ ನೆಟ್ಟು ಕಿಟಕಿ ಹತ್ತಿರ ಇಟ್ಟಳು.

"ಆಯಿ, ನವೆಂಬರ್ ಚಳಿಗೆ ಇದು ಉಳಿಯುವುದಿಲ್ಲ" ಎಂದೆ.

ಆಯಿ ಕೈ ತೊಳೆಯುತ್ತಿದ್ದಳು. "ಇಲ್ಲಿ ಕುದುರೆ ಸಾಕಿದವರು ಯಾರಿದ್ದಾರೆ, ಕೇಳಿಡು."