ಹಂಪು ಹಾಕಿಸುವ ಮುನ್ನ ಒಂದು ದಾರ, ಒಂದು ಟೇಪು

ಬೆಂಗಳೂರಿನ ಯಾವುದೇ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ನೀರು, ಕಸ, ಬೀದಿನಾಯಿ ಮುಗಿದ ಮೇಲೆ ಬರುವ ಮಾತು ಇದು: "ನಮ್ಮ ಕ್ರಾಸಿಗೆ ಒಂದು ಹಂಪು ಹಾಕಿಸಿ ಸಾರ್." ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಒಳರಸ್ತೆಗೆ ನುಗ್ಗುವ ಕಾರು, ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸಬೇಕಾದ ಡೆಲಿವರಿ ಹುಡುಗರ ಬೈಕು, ತಡವಾದ ಸ್ಕೂಲ್ ವ್ಯಾನು. ಕೋರಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕೊನೆಗೆ ರಸ್ತೆಗೆ ಬಂದು ಬೀಳುವುದು ಹೆಚ್ಚಿನ ಸಲ ಹಂಪಲ್ಲ, ಹೊಲದ ಬದು. ಒಂದೂವರೆ ಎರಡು ಅಡಿ ಬುಡ, ಅರ್ಧ ಅಡಿ ಎತ್ತರ, ಡಾಂಬರಿನದು ಅಷ್ಟೇ.

ಹಂಪಿನ ಅಳತೆ ಯಾರ ಮನಸ್ಸಿಗೂ ಬಿಟ್ಟಿದ್ದಲ್ಲ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರತಂದ, 2018ರಲ್ಲಿ ಪರಿಷ್ಕರಿಸಿದ ಐಆರ್‌ಸಿ 99 ಎಂಬ ಮಾರ್ಗಸೂಚಿ ಇದೆ. ಎಲ್ಲ ಬಗೆಯ ಗಾಡಿಗಳು 25 ಕಿ.ಮೀ. ವೇಗದಲ್ಲಿ ದಾಟಬೇಕಾದ ದುಂಡು ಹಂಪಿಗೆ ಅದು ಹೇಳುವುದು ಇಷ್ಟು: ನಡುವೆ ಎತ್ತರ 10 ಸೆಂ.ಮೀ., ಗಾಡಿ ಓಡುವ ದಿಕ್ಕಿನಲ್ಲಿ ಬುಡದ ಅಗಲ 3.7 ಮೀಟರ್, ಬೆನ್ನಿನ ಬಾಗು 17 ಮೀಟರ್ ತ್ರಿಜ್ಯದ ವೃತ್ತದ ತುಣುಕು. ಈ ಮೂರು ಪಾಯಿಂಟ್ ಏಳು ಅನ್ನುವ ವಿಚಿತ್ರ ಅಂಕಿ ಅಡಿ ಲೆಕ್ಕದಿಂದ ಬಂದದ್ದು. 1973ರಲ್ಲಿ ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯದ ಜಿ. ಆರ್. ವಾಟ್ಸ್ ಬೇರೆಬೇರೆ ಆಕಾರದ ಉಬ್ಬುಗಳ ಮೇಲೆ ಗಾಡಿ ಓಡಿಸಿ ನೋಡಿ ಆರಿಸಿದ್ದು 12 ಅಡಿ ಬುಡ, 4 ಇಂಚು ಎತ್ತರದ ಹಂಪನ್ನು. ಅದೇ ಅಳತೆ ಮೀಟರಿಗೆ ತಿರುಗಿ ನಮ್ಮಲ್ಲಿಗೆ ಬಂದಿದೆ.

ಆ ಪರೀಕ್ಷೆಯಲ್ಲಿ ಕಂಡುಬಂದ ಸಂಗತಿಯನ್ನು ಹಂಪು ಕೇಳುವ ಪ್ರತಿಯೊಬ್ಬರೂ ತಿಳಿದಿರಬೇಕು. ಬುಡ ಚಿಕ್ಕದಾದ ಉಬ್ಬಿನ ಮೇಲೆ ಗಾಡಿ ಜೋರಾಗಿ ಹೋದಷ್ಟೂ ಒಳಗಿದ್ದವರಿಗೆ ಕುಲುಕಾಟ ಕಡಿಮೆ. ಚಕ್ರ ಟಕ್ಕನೆ ಹತ್ತಿ ಇಳಿಯುತ್ತದೆ, ಹೊಡೆತವನ್ನು ಟೈರು ಮತ್ತು ಸಸ್ಪೆನ್ಷನ್ ನುಂಗುತ್ತವೆ, ಗಾಡಿಯ ಮೈ ಮೇಲೇಳುವಷ್ಟರಲ್ಲಿ ಉಬ್ಬು ಹಿಂದೆ ಬಿದ್ದಿರುತ್ತದೆ. ಬುಡ ದೊಡ್ಡದಾದರೆ ಲೆಕ್ಕ ತಿರುಗುಮುರುಗು. ವೇಗ ಹೆಚ್ಚಿದಷ್ಟೂ ಇಡೀ ಗಾಡಿ ಎತ್ತಿ ಹಾಕಿದಂತಾಗುತ್ತದೆ, ಚಾಲಕ ತಾನಾಗಿಯೇ ಬ್ರೇಕ್ ಮೇಲೆ ಕಾಲಿಡುತ್ತಾನೆ. ಅಂದರೆ ವೇಗ ತಗ್ಗಿಸುವುದು ಎತ್ತರವಲ್ಲ, ಬುಡ. ನಮ್ಮ ಬದುಗಳು ಮಾಡುವುದು ಇದರ ಉಲ್ಟಾ ಕೆಲಸ: ಎಸ್‌ಯುವಿಯವನು ಜೋರಾಗಿ ಹಾರಿಸಿಕೊಂಡು ಹೋಗುತ್ತಾನೆ, ನಿಧಾನವಾಗಿ ಬಂದ ಸ್ಕೂಟರಿನ ಹಿಂದೆ ಕೂತ ಅಜ್ಜಿಯ ಸೊಂಟಕ್ಕೆ ಪೂರ್ತಿ ಹೊಡೆತ.

ಕಾರಿನ ತಳ ಉಜ್ಜುವುದೂ ಇದೇ ಲೆಕ್ಕ. ಸಾಮಾನ್ಯ ಕಾರೊಂದರ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಸುಮಾರು 2.5 ಮೀಟರ್, ನೆಲದಿಂದ ತಳಕ್ಕೆ 16–17 ಸೆಂ.ಮೀ. ಐದು ಜನ ಕೂತರೆ ಅದರಲ್ಲೂ ಮೂರ್ನಾಲ್ಕು ಸೆಂ.ಮೀ. ಇಳಿಯುತ್ತದೆ. 15 ಸೆಂ.ಮೀ. ಎತ್ತರದ ಬದು ಎರಡು ಚಕ್ರಗಳ ನಡುವೆ ಬಂದಾಗ ಚಕ್ರಗಳೆರಡೂ ಸಪಾಟು ರಸ್ತೆಯಲ್ಲಿ, ಬದು ಪೂರ್ತಿ ಹೊಟ್ಟೆಯ ಕೆಳಗೆ. ತಾಗದೆ ಇನ್ನೇನು? ಸರಿಯಾದ ಹಂಪಿನ ಮೇಲಾದರೆ ಆ ಹೊತ್ತಿಗೆ ಎರಡೂ ಚಕ್ರಗಳು ಹಂಪಿನ ಇಳಿಜಾರಿನ ಮೇಲೆಯೇ ಇರುತ್ತವೆ, ನಡುವಿನಿಂದ 1.25 ಮೀಟರ್ ದೂರದಲ್ಲಿ. ಅಲ್ಲಿ ಹಂಪಿನ ಎತ್ತರ ಸುಮಾರು 5.4 ಸೆಂ.ಮೀ. ನೆತ್ತಿ 10 ಸೆಂ.ಮೀ. ಹೊಟ್ಟೆಯ ಕೆಳಗೆ ಹೆಚ್ಚುವರಿಯಾಗಿ ಏರಿದ್ದು ಬರೀ 4.6 ಸೆಂ.ಮೀ. ಆಟೋಗೆ ಇನ್ನೂ ಕಡಿಮೆ.

ಹಾಗಾದರೆ ಎಲ್ಲ ಕಡೆ ಬದುಗಳೇ ಯಾಕೆ? ಬರೀ ಅಜ್ಞಾನ ಅನ್ನಬೇಡಿ, ಡಾಂಬರಿನ ಲೆಕ್ಕ ಹಾಕಿ ನೋಡಿ. 30x40 ಸೈಟುಗಳ ನಡುವಿನ ಮೂವತ್ತಡಿ ರಸ್ತೆಯಲ್ಲಿ ಚರಂಡಿ, ಅಂಚು ಕಳೆದರೆ ಸುಮಾರು 6 ಮೀಟರ್ ಡಾಂಬರು ಅಂತಿಟ್ಟುಕೊಳ್ಳಿ. ಸರಿಯಾದ ಹಂಪಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಕಾಲು ಚದರ ಮೀಟರ್, ಒಟ್ಟು ಒಂದೂವರೆ ಘನ ಮೀಟರ್. ತೂಕದಲ್ಲಿ ಹೆಚ್ಚುಕಡಿಮೆ ಮೂರೂವರೆ ಟನ್ ಬಿಸಿ ಮಿಶ್ರಣ. ಎರಡಡಿ ಬುಡ, ಅರ್ಧ ಅಡಿ ಎತ್ತರದ ಬದುವಿಗೆ ಒಂದು ಟನ್ನೂ ಬೇಡ. ರಸ್ತೆಗೆ ಡಾಂಬರು ಹಾಕಿ ಮುಗಿಸಿದ ಸಂಜೆ ಲಾರಿಯ ತಳದಲ್ಲಿ ಉಳಿದ ಮಾಲಿನಲ್ಲಿ ಅಂಥವು ಒಂದೋ ಎರಡೋ ಎದ್ದುಬಿಡುತ್ತವೆ. "ಇಲ್ಲೊಂದು ಹಾಕಪ್ಪ" ಅಂತ ಮೇಸ್ತ್ರಿಗೆ ಚಹಾ ಕೊಡಿಸುವವರೂ ನಾವೇ. ಅಷ್ಟೊತ್ತಿಗೆ ಆ ಮಾಲು ಆರಿರುತ್ತದೆ. ಹಾಸುವಾಗ 140 ಡಿಗ್ರಿಯ ಆಸುಪಾಸಿನಲ್ಲಿರಬೇಕಾದದ್ದು 90ಕ್ಕಿಂತ ಕೆಳಗಿಳಿದರೆ ರೋಲರ್ ಎಷ್ಟು ಓಡಿಸಿದರೂ ಜಲ್ಲಿ ಒಂದಕ್ಕೊಂದು ಕೂರುವುದಿಲ್ಲ. ಎರಡು ಮಳೆಗೆ ಅಂಚು ಕಿತ್ತು ಜಲ್ಲಿ ರಸ್ತೆ ತುಂಬಾ ಚೆಲ್ಲುತ್ತದೆ, ಬೈಕು ಜಾರುವುದು ಅದರ ಮೇಲೆಯೇ.

ಹಂಪು ಹಾಕುವ ದಿನ ಯಾರಾದರೂ ಎದುರಿಗೆ ನಿಲ್ಲುವುದಾದರೆ ಕೈಯಲ್ಲಿ ಒಂದು ಅಚ್ಚು ಇರಲಿ. ಪ್ಲೈವುಡ್ ಹಲಗೆಯಲ್ಲಿ ಅರ್ಧ ಹಂಪಿನ ಬಾಗು ಕೊಯ್ದರೆ ಸಾಕು, ಇನ್ನರ್ಧಕ್ಕೆ ತಿರುಗಿಸಿ ಹಿಡಿಯಬಹುದು. ನಡುವೆ 10 ಸೆಂ.ಮೀ.; ಅಲ್ಲಿಂದ ಅರ್ಧ ಮೀಟರಿಗೆ 9.3, ಒಂದು ಮೀಟರಿಗೆ 7.1, ಒಂದೂವರೆಗೆ 3.4, 1.85 ಮೀಟರಿಗೆ ಸೊನ್ನೆ. ಈ ಐದು ಗುರುತುಗಳನ್ನು ಬಾಗಿಸಿದ ಪಟ್ಟಿಯಿಂದ ಸೇರಿಸಿ ಗರಗಸ ಆಡಿಸಿದರೆ ಅಚ್ಚು ತಯಾರು. ಮೊದಲು ಹಳೆ ಡಾಂಬರು ಗುಡಿಸಿ, ಎರಡೂ ತುದಿಯಲ್ಲಿ ಒಂದಡಿ ಅಗಲ, ಒಂದಿಂಚು ಆಳದ ತೋಡು ಕೊರೆಸಬೇಕು. ಇದನ್ನು ಬಿಟ್ಟರೆ ಹಂಪಿನ ಅಂಚು ದೋಸೆ ಅಂಚಿನಂತೆ ತೆಳುವಾಗಿ ಮುಗಿಯುತ್ತದೆ, ಮೊದಲು ಏಳುವುದೂ ಅಲ್ಲೇ. ಆಮೇಲೆ ಅಂಟು ಹಿಡಿಯಲು ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು), ಚದರ ಮೀಟರಿಗೆ ಕಾಲು ಕೆ.ಜಿ.ಯಷ್ಟು. ಅದು ಕಂದು ಬಣ್ಣದಿಂದ ಕಪ್ಪಿಗೆ ತಿರುಗುವ ತನಕ ಕಾಯಬೇಕು. ಮಿಶ್ರಣವನ್ನು ಒಂದೇ ಸಲ ಸುರಿಯದೆ ಎರಡು ಪದರದಲ್ಲಿ ಹಾಸಿ, ಪ್ರತಿ ಪದರಕ್ಕೂ ತುದಿಯಿಂದ ನೆತ್ತಿಯ ಕಡೆಗೆ ರೋಲರ್ ಓಡಿಸಬೇಕು. ಸಡಿಲ ಮಾಲು ರೋಲರಿನಡಿ ಐದರಲ್ಲೊಂದು ಪಾಲು ತಗ್ಗುತ್ತದೆ, ಹಾಗಾಗಿ ಹಾಸುವಾಗ ನೆತ್ತಿ 12 ಸೆಂ.ಮೀ. ಮೇಲಿದ್ದರೆ ಗಾಬರಿ ಬೇಡ. ರೋಲರ್ ಹೋದ ಮೇಲೆ ಅಚ್ಚು ಇಟ್ಟು ನೋಡಿ. ಕಾಂಕ್ರೀಟ್ ಹಾಕಿದ ವೈಟ್ ಟಾಪಿಂಗ್ ರಸ್ತೆಯಾದರೆ ಮೇಲ್ಮೈಯನ್ನು ಉಳಿಯಿಂದ ಒರಟು ಮಾಡದೆ ಡಾಂಬರು ಹಾಕಬಾರದು. ನುಣುಪು ಕಾಂಕ್ರೀಟಿನ ಮೇಲೆ ಅದು ಚಪ್ಪಡಿಯಂತೆ ಜಾರುತ್ತದೆ.

ನೀರಿನ ಮಾತು ಯಾರೂ ಆಡುವುದಿಲ್ಲ. ರಸ್ತೆಯ ಮಳೆನೀರು ಅಂಚಿನಲ್ಲೇ ಹರಿದು ಚರಂಡಿಯ ಕಿಂಡಿ ಸೇರಬೇಕು. ಹಂಪನ್ನು ಅಂಚಿನಿಂದ ಅಂಚಿಗೆ ಬಿಗಿದರೆ ಅದು ಸಣ್ಣ ಕಟ್ಟೆ, ಮೇಲುಗಡೆ ನೀರು ನಿಂತು ತಿಂಗಳೊಳಗೆ ಅಲ್ಲೊಂದು ಗುಂಡಿ. ಹಂಪಿನ ಮುಂದೆಯೇ ಗುಂಡಿ ಇರುವ ರಸ್ತೆ ಕಂಡರೆ ಕಾರಣ ಇದು. ಎರಡೂ ಕಡೆ ಒಂದು ಗೇಣು ಜಾಗ ಬಿಡಿಸಿ. ಗೇಣಿಗಿಂತ ಹೆಚ್ಚು ಬಿಟ್ಟರೆ ಬೈಕುಗಳೆಲ್ಲ ಅದೇ ಸಂದಿಯಲ್ಲಿ ನುಸುಳಿ ಅಂಚಿನಲ್ಲಿ ನಡೆಯುವವರ ಮೈಮೇಲೆ ಬರುತ್ತವೆ. ಇಳಿಜಾರು ರಸ್ತೆಯಾದರೆ ಕಿಂಡಿಯ ಕೆಳಗಡೆ ಹಂಪು ಬರಲಿ. ನೀರು ಹಂಪು ಮುಟ್ಟುವ ಮೊದಲೇ ಕಿಂಡಿಗೆ ಬೀಳುತ್ತದೆ.

ಬಣ್ಣ ಅದೇ ದಿನ ಆಗಬೇಕು. "ಮುಂದಿನ ವಾರ ಪೇಂಟ್ ಮಾಡ್ತೀವಿ" ಅನ್ನುವ ಆ ಒಂದು ವಾರದ ರಾತ್ರಿಗಳೇ ಅಪಾಯ: ಹೊಸ ಡಾಂಬರು ಕಪ್ಪು, ಹಂಪೂ ಕಪ್ಪು, ಬೀದಿದೀಪ ಮರದ ಕೊಂಬೆಯ ಹಿಂದೆ. ಕಪ್ಪು ಬಿಳಿ ಪಟ್ಟೆ ಮಾರ್ಗಸೂಚಿಯಲ್ಲೇ ಇದೆ. ಮಾಮೂಲಿ ಪೇಂಟು ಒಂದು ಮಳೆಗಾಲಕ್ಕೆ ಮಾಸುತ್ತದೆ. ಗಾಜಿನ ಹರಳು ಬೆರೆಸಿದ, 2.5 ಮಿ.ಮೀ. ದಪ್ಪದ ಥರ್ಮೋಪ್ಲಾಸ್ಟಿಕ್ ಆದರೆ ಹೆಡ್‌ಲೈಟಿಗೆ ಹೊಳೆಯುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. 40 ಮೀಟರ್ ಮೊದಲೇ "ಮುಂದೆ ರಸ್ತೆ ಉಬ್ಬು ಇದೆ" ಫಲಕವೂ ಬೇಕು. ಅಂಗಡಿಯವರು ಬೋಲ್ಟ್ ಹಾಕಿಸುವ ಹಳದಿ ಕಪ್ಪು ರಬ್ಬರ್ ತುಂಡುಗಳು ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಸರಿ, ರಸ್ತೆಗಲ್ಲ. ಕೆಲವೇ ತಿಂಗಳಲ್ಲಿ ತುಂಡು ಎದ್ದುಹೋಗಿ ಬೋಲ್ಟು ಮಾತ್ರ ಉಳಿಯುತ್ತದೆ, ಅದು ಟೈರಿಗೆ ಮೊಳೆ.

ಇಷ್ಟೆಲ್ಲ ಮಾಡುವ ಮೊದಲು ಹಂಪು ಬೇಕೇ ಅನ್ನುವುದನ್ನು ಒಂದು ಬೆಳಗಿನಲ್ಲಿ ತೀರ್ಮಾನಿಸಬಹುದು. ರಸ್ತೆಯಲ್ಲಿ 50 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಯಿರಿ. ಮೊದಲ ಗೆರೆಯಲ್ಲಿ ನಿಂತವರು ಗಾಡಿಯ ಮುಂದಿನ ಚಕ್ರ ದಾಟಿದ ಕ್ಷಣ ಕೈ ಇಳಿಸಲಿ, ಎರಡನೆಯ ಗೆರೆಯಲ್ಲಿರುವವರು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಅದೇ ಚಕ್ರ ತಮ್ಮ ಗೆರೆ ದಾಟಿದಾಗ ನಿಲ್ಲಿಸಲಿ. 50 ಮೀಟರಿಗೆ 7.2 ಸೆಕೆಂಡ್ ಹಿಡಿದರೆ ವೇಗ 25 ಕಿ.ಮೀ., 6 ಸೆಕೆಂಡಿಗೆ 30, ನಾಲ್ಕೂವರೆಗೆ 40, ಮೂರಕ್ಕೆ 60. ರಸ್ತೆ ತುಂಬಿರುವ ಒಂಬತ್ತು ಗಂಟೆಗೆ ಅಳೆಯಬೇಡಿ, ಆಗ ಎಲ್ಲರೂ ತೆವಳುತ್ತಿರುತ್ತಾರೆ. ಹನ್ನೊಂದರ ನಂತರ ಅಳೆಯಿರಿ. ನೂರು ಗಾಡಿ ಬರೆದುಕೊಂಡು ವೇಗದ ಪ್ರಕಾರ ಜೋಡಿಸಿ, ನಿಧಾನದ ಕಡೆಯಿಂದ 85ನೆಯ ಗಾಡಿಯ ವೇಗ ನೋಡಿ. ಎಂಜಿನಿಯರುಗಳು ಮಾತಾಡುವುದು ಆ ಅಂಕಿಯಲ್ಲೇ. ಅದು 40 ದಾಟಿದ್ದರೆ ಹಂಪಿಗೆ ಕಾರಣ ಗಟ್ಟಿ ಇದೆ. 30ರ ಒಳಗಿದ್ದೂ ಆ ಮೂಲೆಯಲ್ಲಿ ಗಾಡಿಗಳು ಗುದ್ದುತ್ತಿವೆ ಅಂದರೆ ಕಾಯಿಲೆ ವೇಗದ್ದಲ್ಲ, ನೋಟದ್ದು. ಮೂಲೆ ಮನೆಯ ಮುಂದೆ ನಿಲ್ಲಿಸಿದ ಕಾರು, ತರಕಾರಿ ಟಾಟಾ ಏಸ್, ಕಾಂಪೌಂಡ್ ದಾಟಿ ಚಾಚಿದ ಬೋಗನ್‌ವಿಲ್ಲಾ. ಅದನ್ನು ತೆಗೆಸಲು ಡಾಂಬರು ಬೇಡ, ಜಗಳವಾಡುವ ಧೈರ್ಯ ಬೇಕು. ಸಂಘಗಳು ಹಂಪು ಕೇಳುವುದು ಎಷ್ಟೋ ಸಲ ಆ ಜಗಳ ತಪ್ಪಿಸಿಕೊಳ್ಳಲು ಅನ್ನುವುದು ನನ್ನ ಗುಮಾನಿ.

ಬಸ್ ಓಡುವ ಮುಖ್ಯರಸ್ತೆಗೆ ಹಂಪು ಕೇಳಬೇಡಿ. ಆಂಬುಲೆನ್ಸಿನಲ್ಲಿ ಮಲಗಿದವರಿಗೆ, ಬಿಎಂಟಿಸಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಅದರ ಅರ್ಥ ಗೊತ್ತು. ಮುಖ್ಯರಸ್ತೆಗೆ ಸೇರುವ ಕ್ರಾಸಿನ ಬಾಯಿಯಲ್ಲಿ, ಮುಖ್ಯರಸ್ತೆಯ ಅಂಚಿನಿಂದ 5 ಮೀಟರ್ ದೂರದಲ್ಲಿ ಹಾಕಿದರೆ ಕೆಲಸ ಆಗುತ್ತದೆ. ಉದ್ದದ ಒಳರಸ್ತೆಗೆ ಒಂದು ಸಾಲದಿದ್ದರೆ 100ರಿಂದ 120 ಮೀಟರಿಗೊಂದು. ಶಾಲೆಯ ಗೇಟಿನ ಮುಂದೆ ದುಂಡು ಹಂಪಿಗಿಂತ ಫುಟ್‌ಪಾತಿನ ಮಟ್ಟಕ್ಕೆ ಎತ್ತಿದ, ನೆತ್ತಿ ಸಪಾಟಾದ ಜೀಬ್ರಾ ಕ್ರಾಸಿಂಗ್ ಕೇಳಿ. ಮಕ್ಕಳು ಇಳಿದು ಹತ್ತಬೇಕಿಲ್ಲ, ಗಾಡಿಗಳೇ ಹತ್ತಿ ಇಳಿಯುತ್ತವೆ.

ಅರ್ಜಿ ಎರಡು ಕಡೆ ಹೋಗಬೇಕು: ನಿಮ್ಮ ಸಂಚಾರ ಪೊಲೀಸ್ ಠಾಣೆಗೆ ಒಂದು, ವಾರ್ಡಿನ ಎಂಜಿನಿಯರಿಗೆ ಒಂದು. ಪೊಲೀಸರ ಅಭಿಪ್ರಾಯ ಇಲ್ಲದೆ ಎಂಜಿನಿಯರ್ ಕೈಹಾಕುವುದಿಲ್ಲ, ಹಾಕಬಾರದು ಕೂಡ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾಗಿವೆ, ನಿಮ್ಮದು ಯಾವುದೆಂದು ನೋಡಿಕೊಂಡೇ ವಿಳಾಸ ಬರೆಯಿರಿ. "ತುಂಬಾ ತೊಂದರೆಯಾಗುತ್ತಿದೆ, ದಯವಿಟ್ಟು" ಅನ್ನುವ ಪತ್ರ ಫೈಲಿನಡಿ ಸೇರುತ್ತದೆ. ನೂರು ಗಾಡಿಗಳ ಪಟ್ಟಿ, ಜಾಗದ ನಕ್ಷೆ, ಹತ್ತಿರದ ವಿದ್ಯುತ್ ಕಂಬದ ನಂಬರು, "ಐಆರ್‌ಸಿ 99ರ ಪ್ರಕಾರ 3.7 ಮೀಟರ್ ಬುಡ, 10 ಸೆಂ.ಮೀ. ಎತ್ತರ, ಬಣ್ಣ ಮತ್ತು ಫಲಕ ಸಮೇತ" ಅನ್ನುವ ಒಂದು ಸಾಲು ಇದ್ದರೆ ಅದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಈಗಾಗಲೇ ಇರುವ ಬದು ಅಳೆಯುವುದು ಇನ್ನೂ ಸುಲಭ. ಭಾನುವಾರ ಬೆಳಿಗ್ಗೆ ಆರಕ್ಕೆ ಉಬ್ಬಿನ ಈಚೆಗೊಂದು ಆಚೆಗೊಂದು ಒಂದೇ ಎತ್ತರದ ಸಿಮೆಂಟ್ ಬ್ಲಾಕು ಇಟ್ಟು, ಮೇಲೆ ಮೇಸ್ತ್ರಿ ದಾರ ಬಿಗಿಯಾಗಿ ಎಳೆಯಿರಿ. ದಾರದಿಂದ ರಸ್ತೆಗೆ 20 ಸೆಂ.ಮೀ., ದಾರದಿಂದ ನೆತ್ತಿಗೆ 5 ಸೆಂ.ಮೀ. ಅಂದರೆ ಉಬ್ಬು 15. ರಸ್ತೆ ಇಳಿಜಾರಿದ್ದರೂ ಲೆಕ್ಕ ಕೆಡುವುದಿಲ್ಲ, ದಾರವೂ ಅದೇ ಇಳಿಜಾರಿನಲ್ಲಿರುತ್ತದೆ. ಟೇಪು ಕಾಣುವಂತೆ ಫೋಟೋ ತೆಗೆದು 1533ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಾಮಗಾರಿಯಲ್ಲಿ ಹಾಕಿದ ಹಂಪಾದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ಕೇಳಿ, 30 ದಿನದೊಳಗೆ ಉತ್ತರ ಬರಬೇಕು. ಪುಸ್ತಕದಲ್ಲಿ ಒಂದೂವರೆ ಘನ ಮೀಟರ್, ರಸ್ತೆಯಲ್ಲಿ ಅದರ ಕಾಲು ಭಾಗ ಸಿಕ್ಕರೆ ಮುಂದಿನ ಮಾತು ಬೇರೆಯದೇ. ವಿನ್ಯಾಸದ ಮಾನದಂಡ ಮೀರಿ ಸಾವು, ಅಂಗವೈಕಲ್ಯಕ್ಕೆ ಕಾರಣವಾದರೆ ಗುತ್ತಿಗೆದಾರನಿಗೂ ಅಧಿಕಾರಿಗೂ ಒಂದು ಲಕ್ಷದವರೆಗೆ ದಂಡ ಹಾಕುವ 198ಎ ಕಲಮು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದೆ. ಪತ್ರದಲ್ಲಿ ಅದರ ಉಲ್ಲೇಖ ಇರಲಿ.

ತೆಗೆಯಲು ಜೆಸಿಬಿ ಬಂದರೆ ಮಾತ್ರ ತಡೆಯಿರಿ. ಬಕೆಟ್ಟಿನ ಹಲ್ಲು ಬದುವಿನ ಜೊತೆ ಕೆಳಗಿನ ರಸ್ತೆಯನ್ನೂ ಎಬ್ಬಿಸುತ್ತದೆ, ಉಬ್ಬು ಇದ್ದ ಜಾಗದಲ್ಲಿ ಅಷ್ಟೇ ಅಗಲದ ತಗ್ಗು ಉಳಿಯುತ್ತದೆ. ರಸ್ತೆ ಕೆರೆಯುವ ಮಿಲ್ಲಿಂಗ್ ಯಂತ್ರ, ಅದಿಲ್ಲದಿದ್ದರೆ ಡಾಂಬರು ಒಡೆಯುವ ಬ್ರೇಕರ್ ಯಂತ್ರ ಹಿಡಿದ ಇಬ್ಬರು ಆಳು ಅರ್ಧ ದಿನ, ಆಮೇಲೆ ಒಂದು ತೆಳು ಪದರ ಡಾಂಬರು. ಇಷ್ಟನ್ನೂ ತೆಗೆಸುವ ಅರ್ಜಿಯಲ್ಲೇ ಬರೆದುಬಿಡಿ.